ತಿಪ್ಪವ್ವ ತಡೆದ ಹಸಿ ಕೊಳವೆ

ಶಿಗ್ಗಾಂವಿಯ ನಮ್ಮ ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು ನಾನು. ಬಾಯಿಂದ ಹೊಟ್ಟೆಗೆ ಇಳಿಸಿ ನೋಡುವ ಎಂಡೋಸ್ಕೋಪಿ ಕೊಳವೆ ತೊಳೆಯುವವಳು ತಿಪ್ಪವ್ವ. ದುಂಡಸಿಯಿಂದ ಮೊದಲ ಬಸ್ಸಿಗೇ ಬರುತ್ತಾಳೆ. ಹಿಂದೆ ಮದುವೆ ಮನೆಗಳಲ್ಲಿ ಹಂಡೆ, ಕೊಪ್ಪರಿಗೆ ತಿಕ್ಕುತ್ತಿದ್ದಳಂತೆ. ಹಸಿ ಪಾತ್ರೆ ಮುಚ್ಚಿಟ್ಟರೆ ಮರುದಿನ ಹಾಲು ಒಡೆಯುತ್ತದೆ ಎಂಬುದು ಅಲ್ಲಿ ಕಲಿತ ಪಾಠ. ಹಾಗಾಗಿ ಕೊಳವೆಯೊಳಗೂ ಗಾಳಿ ಊದಿ ಒಣಗಿಸಿ, ನೇತುಹಾಕಿದ ಮೇಲೆಯೇ ಮನೆಗೆ ಹೋಗುವುದು. ನಾನು ಇದನ್ನು ಹುಚ್ಚು ಎಂದುಕೊಂಡಿದ್ದೆ.

ಕಳೆದ ಶ್ರಾವಣದಲ್ಲಿ ಅವಳು ಎರಡು ದಿನ ರಜೆ ಹಾಕಿದಳು. ಕೆಲಸ ಕಂಪೌಂಡರ್ ಶರಣುವಿನ ಪಾಲಿಗೆ ಬಂತು. ಅವನು ತೊಳೆದ, ಔಷಧಿಯಲ್ಲಿ ಅದ್ದಿದ, ಒಳಗೆ ಗಾಳಿ ಊದದೆ ಹೊರಮೈಯನ್ನಷ್ಟೇ ಒರೆಸಿ ಪೆಟ್ಟಿಗೆಯಲ್ಲಿ ಸುತ್ತಿಟ್ಟ. ಎಷ್ಟು ಬೇಗ ಮುಗಿಸಿದೆಯಪ್ಪ ಎಂದು ನಾನೇ ಅವನ ಬೆನ್ನು ತಟ್ಟಿದೆ.

ಮೂರನೆಯ ಬೆಳಿಗ್ಗೆ ತಿಪ್ಪವ್ವ ಕೆಲಸಕ್ಕೆ ಮರಳಿದಳು; ಅಂದೇ ಹಾನಗಲ್ಲಿನ ಉಳವಪ್ಪ ಎಂಡೋಸ್ಕೋಪಿಗೆಂದು ಬಂದರು. ಅಕ್ಕ ಅನ್ನವ್ವ ಕೊಟ್ಟ ಕಿಡ್ನಿಯಿಂದ ಬದುಕಿರುವವರು. ಮೈ ಆ ಕಿಡ್ನಿಯನ್ನು ಒಲ್ಲೆನ್ನದಿರಲೆಂದು ನುಂಗುವ ಗುಳಿಗೆಗಳು ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುತ್ತವೆ. ನಮಗೆ ಏನೂ ಮಾಡದ ಕ್ರಿಮಿ ಅವರ ರಕ್ತಕ್ಕೆ ಇಳಿದರೆ ಜೀವಕ್ಕೇ ಕುತ್ತು.

ತಿಪ್ಪವ್ವ ಪೆಟ್ಟಿಗೆ ತೆರೆದು, ಕೊಳವೆಯ ತುದಿಯನ್ನು ಬಿಳಿ ಬಟ್ಟೆಯ ಮೇಲೆ ಹಿಡಿದು ಗಾಳಿ ಊದಿದಳು. ಮಾಸಲು ನೀರು ತೊಟ್ಟಿಕ್ಕಿತು.

“ಡಾಕ್ಟರ್ರ, ಇದನ್ನ ನಾ ಕೊಡಾಂಗಿಲ್ರಿ. ಮೊದಲಿಂದ ತೊಳೀತೇನಿ, ಎರಡು ತಾಸು ಬೇಕ್ರಿ.”

ನಮ್ಮಲ್ಲಿರುವುದು ಅದೊಂದೇ ಕೊಳವೆ. ಹೊರಗೆ ರೋಗಿಗಳ ಸಾಲು. ಡಾಕ್ಟರ್ ಹೇಮಾ ಗಡಿಯಾರ ನೋಡಿದರು, ಬಟ್ಟೆ ನೋಡಿದರು, ತೊಳೆ ಎಂಬಂತೆ ಕೈಗವಸು ಕಳಚಿಟ್ಟರು. ಹಿಂದಿನ ದಿನದಿಂದ ಉಪವಾಸವಿದ್ದ ಉಳವಪ್ಪನವರ ಪಿತ್ತ ಮಾತ್ರ ನೆತ್ತಿಗೇರಿತು.

“ಹಸದು ಸಾಯ್ಲಿ ಅಂತ ಕರಸೀರೇನು?”

“ಎರಡು ತಾಸಿಗೆ ಯಾರೂ ಹಸದು ಸಾಯಂಗಿಲ್ರಿ ಅಣ್ಣಾರ. ಕುಂತ್ಕೋರಿ,” ಎಂದು ತಿಪ್ಪವ್ವ ಬ್ರಷ್ ಕೈಗೆತ್ತಿಕೊಂಡಳು.

ನಾನೂ ಶರಣುವೂ ನೆಲ ನೋಡುತ್ತಿದ್ದೆವು. ನಿಜ ಹೇಳುತ್ತೇನೆ, ಬಹಳ ನಾಚಿಕೆಯಾಯಿತು.

ಎರಡು ತಾಸಿನ ಮೇಲೆ ಒಣಗಿದ ಕೊಳವೆಯಿಂದ ಉಳವಪ್ಪನವರ ಪರೀಕ್ಷೆ ಆಯಿತು. ಹತ್ತು ದಿನದ ಮೇಲೆ ಅಕ್ಕ ತಮ್ಮ ಇಬ್ಬರೂ ಬಂದರು. ಜ್ವರವಿಲ್ಲ, ಹೊಟ್ಟೆಯ ಹುಣ್ಣು ಮಾಯುತ್ತಿದೆ, ರೊಟ್ಟಿ ಸೇರುತ್ತಿದೆ. “ನನ್ನ ಉಪಾಸ ಕೂಡ್ರಿಸಿದಾಕಿ ಎಲ್ಲದಾಳ?” ಎಂದು ಉಳವಪ್ಪ ಕೇಳಿದರು. ಬೈಯಲಿಕ್ಕೇ ಬಂದಿದ್ದಾರೆಂದು ತಿಪ್ಪವ್ವ ಸೆರಗು ಬಿಗಿದು ಎದುರಿಗೆ ನಿಂತಳು.

ಅನ್ನವ್ವ ಅವಳ ಎರಡೂ ಕೈ ಹಿಡಿದುಕೊಂಡರು.

“ಡಾಕ್ಟರ್ರು ಎಲ್ಲಾ ಹೇಳಿದ್ರವಾ. ಇದ್ದ ಎರಡರಾಗ ಒಂದ ಇವಗ ಕೊಟ್ಟೇನಿ. ಅದೂ ಹೋಗಿದ್ರ, ಮತ್ತ ಕೊಡಾಕ ನನ್ನ ಕಡೆ ಇರ್ಲಿಲ್ಲ.”

ತಿಪ್ಪವ್ವನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅವಳನ್ನು ನೋಡಿ ಉಳವಪ್ಪ ನಕ್ಕರು, ನಾವೆಲ್ಲ ನಕ್ಕೆವು. ಅನ್ನವ್ವ ಮಾತ್ರ ಕೈ ಬಿಡಲೇ ಇಲ್ಲ.