ಮಕ್ಕೊಲಿಗೆ ಬಿದ್ದ ಈರುಳ್ಳಿ

ನಮ್ಮ ಮನೆಯಲ್ಲಿ ನನ್ನ ಮಾತನ್ನು ಯಾರೂ ನಂಬುವುದಿಲ್ಲ. ಅದಕ್ಕೆ ಕಾರಣ ಕಂಡವರ ದನಿಯನ್ನೆಲ್ಲ ಅಣಕಿಸುವ ನನ್ನ ಗಂಟಲು. ಶ್ರೀರಾಂಪುರದ ಬಸ್ ಕಂಡಕ್ಟರು, ಹೊಸದುರ್ಗದ ಬ್ಯಾಂಕಿನ ಮೇಡಂ, ಕೆಮ್ಮಿ ಕೆಮ್ಮಿ ಮಾತು ಶುರುಮಾಡುವ ಡೈರಿ ಕಾರ್ಯದರ್ಶಿ, ಎಲ್ಲರೂ ಅದರೊಳಗೆ ಬಾಡಿಗೆಗಿದ್ದಾರೆ. ನಾನು ಮಾತ್ರ ಅಲ್ಲಿಗೆ ಅಪರೂಪಕ್ಕೆ ಬಂದು ಹೋಗುವ ನೆಂಟ.

ಕೊನೆಗೆ ಬಂದು ಸೇರಿಕೊಂಡವರು ಕೊರಿಯಾದ ಸಾಹೇಬರು. ತಮಿಳುನಾಡಿನ ಕಡೆ ಒಂದು ಕಾರ್ಖಾನೆಯಲ್ಲಿ ಅವರ ಕಾರು ಓಡಿಸಿಕೊಂಡಿದ್ದೆ. ರಜೆಯ ದಿನ ಅವರು ಗೆಸ್ಟ್‌ಹೌಸಿನ ಅಡುಗೆಮನೆಯಲ್ಲಿ ಅಕ್ಕಿಯ ಮದ್ಯ ಮಾಡುತ್ತಿದ್ದರು. ಆವಿಯಲ್ಲಿ ಗಟ್ಟಿಯಾಗಿ ಬೆಂದ ಅನ್ನವನ್ನು ಬಟ್ಟೆಯ ಮೇಲೆ ಹರಡಿ ಆರಿಸಬೇಕು. ನುರುಕ್ ಎಂಬ, ಬೂಷ್ಟು ಹಿಡಿಸಿದ ಗೋಧಿಯ ಬಿಲ್ಲೆಯನ್ನು ಪುಡಿಮಾಡಿ ಅದಕ್ಕೆ ಕಲಸಬೇಕು. ನೀರು ಸೇರಿಸಿ, ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ ಬಿಟ್ಟರೆ ಕೆಲವು ದಿನದಲ್ಲಿ ಮಡಕೆ ತಾನೇ ಗುಳುಗುಳು ಮಾತಾಡತೊಡಗುತ್ತದೆ. ಹಿಂಡಿ ಸೋಸಿದರೆ ಹಾಲಿನಂಥ ಮಕ್ಕೊಲಿ. ಹಸಿರು ಬಾಟಲಿಯಲ್ಲಿ ಬರುವ ಅವರ ಇನ್ನೊಂದು ಮದ್ಯ, ಸೋಜು, ಬೇರೆ ಜಾತಿ. ಅದು ನೀರಿನಂತೆ ಕಾಣುತ್ತದೆ, ನೀರಿನಂತೆ ನಡೆದುಕೊಳ್ಳುವುದಿಲ್ಲ. ಅದನ್ನವರು ಬಿಯರಿಗೆ ಬೆರೆಸಿ, ಲೋಟದೊಳಗೆ ಚಮಚ ಟಕ್ಕೆಂದು ಕುಟ್ಟಿ ನೊರೆ ಎಬ್ಬಿಸುತ್ತಿದ್ದರು. ಮಕ್ಕೊಲಿಗೆ ಮಾತ್ರ ಸಿಹಿ ಸೋಡಾ, ಅಷ್ಟೇ.

ಕುಡಿತಕ್ಕಿಂತ ಅವರ ರಿವಾಜು ನನ್ನ ತಲೆಗೇರಿತ್ತು. ಯಾರೂ ತಮ್ಮ ಲೋಟಕ್ಕೆ ತಾವೇ ಸುರಿದುಕೊಳ್ಳುವಂತಿಲ್ಲ. ಹಿರಿಯರಿಗೆ ಎರಡೂ ಕೈಯಲ್ಲಿ ಸುರಿಯಬೇಕು. ಅವರೆದುರು ಕುಡಿಯುವಾಗ ಕಿರಿಯರು ಮುಖವನ್ನು ಒಂದು ಬದಿಗೆ ತಿರುಗಿಸಬೇಕು. ನಾವೂ ತಿರುಗಿಸುತ್ತೇವೆ, ಸ್ವಲ್ಪ ಹೆಚ್ಚಾಗಿ ತಿರುಗಿ, ಊರಾಚೆಯ ಸೇತುವೆ ಕೆಳಗೆ ಹೋಗಿ ಕೂರುತ್ತೇವೆ. ಮಗ ಕುಡಿಯುವುದನ್ನು ಅಪ್ಪನ ಹತ್ತಿರವೇ ಕಲಿಯಬೇಕು, ಆಗ ಮರ್ಯಾದೆಯಿಂದ ಕುಡಿಯುತ್ತಾನೆ ಎಂದು ಸಾಹೇಬರು ಹೇಳಿದಾಗ ನಕ್ಕುಬಿಟ್ಟಿದ್ದೆ. ಆಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ.

ನನಗೆ ಅಪ್ಪನೆಂದರೆ ಸಾಕಿದ ದೊಡ್ಡಪ್ಪ. ಕುರಿ ಕಾಯುವವನು. ಹರೆಯದಲ್ಲಿ ಹಿರಿಯೂರಿನ ಕಡೆ ವೇದಾವತಿ ದಂಡೆಯ ಈಚಲು ಮರಗಳ ಕೆಳಗೆ ಮಂದೆ ನಿಲ್ಲಿಸಿ ಹೆಂಡ ಕುಡಿದವನು. ಸರ್ಕಾರ ಹೆಂಡ ನಿಲ್ಲಿಸಿತು, ದೊಡ್ಡಪ್ಪ ನಿಲ್ಲಿಸಲಿಲ್ಲ, ಬ್ರಾಂದಿಗೆ ಹೋದ. ಆ ಬ್ರಾಂದಿ ಅರ್ಧ ಮಂದೆಯನ್ನು ತಿಂದಿತು, ದೊಡ್ಡಮ್ಮನ ಓಲೆ ತಿಂದಿತು, ಒಂದು ಸಂಜೆ ಅವಳ ಮುಂಗೈ ಮೂಳೆಯನ್ನೂ ಮುರಿಯಿತು. ಮೂಳೆ ಸೊಟ್ಟಗೆ ಕೂಡಿಕೊಂಡ ಮೇಲೆ ದೊಡ್ಡಪ್ಪ ಅವಳನ್ನು ಹಾಲುರಾಮೇಶ್ವರಕ್ಕೆ ಕರೆದುಕೊಂಡು ಹೋಗಿ, ಒದ್ದೆ ಬಟ್ಟೆಯಲ್ಲಿ ನಿಂತು, ಅದೇ ಕೈಯನ್ನು ಹಿಡಿದು, ಇನ್ನು ಹೆಂಡ ಸಾರಾಯಿ ಬಾಯಿಗೆ ಹಾಕುವುದಿಲ್ಲ ಎಂದು ಆಣೆ ಮಾಡಿದ. ಹಾಕಲೂ ಇಲ್ಲ.

ಕೆಲಸ ಬಿಟ್ಟು ಊರಿಗೆ ಬಂದವನು ಜಗಲಿಯಲ್ಲಿ ಕೂತು, ಸಾಹೇಬರಂತೆ ನಡು ಬಗ್ಗಿಸಿ ತೋರಿಸುತ್ತ, ಮಕ್ಕೊಲಿಯ ವರ್ಣನೆ ಮಾಡಿದೆ. ಬೆಳ್ಳಗಿರುತ್ತದೆ, ಮೊದಲು ಹುಳಿ, ಹಿಂದಿನಿಂದ ಸಣ್ಣ ಸಿಹಿ, ಆಮೇಲೆ ಮೂಗಿನಲ್ಲಿ ಚುರ್ರೆನ್ನುವ ಗಾಳಿ. ಹಗ್ಗ ಹೊಸೆಯುತ್ತಿದ್ದ ದೊಡ್ಡಪ್ಪನ ಕೈ ನಿಂತಿತು.

“ಈಚಲ ಹೆಂಡದ ತರಾನಾ?”

“ಅದರ ತಮ್ಮ ಅನ್ಕಾ.”

ಅವನು ಒಳಗೆ ದೊಡ್ಡಮ್ಮ ಪಾತ್ರೆ ತೊಳೆಯುವ ಸದ್ದನ್ನು ಕೇಳಿಸಿಕೊಂಡು, ದನಿ ತಗ್ಗಿಸಿದ. “ಮಾಡಾಕ್ ಬರ್ತತೇನ್ಲೇ ನಿಂಗೆ?”

“ಬರ್ತತೆ. ನಿನ್ ಆಣೆ ಏನ್ ಮಾಡಾಣ?”

“ಕುಡಿಯಾಕ್ ಯಾರ್ ಕೇಳಿದ್ರು? ವಾಸ್ನೆ ನೋಡ್ತೀನಿ, ಅಷ್ಟೆ. ವಾಸ್ನೆ ಬಿಡ್ತೀನಿ ಅಂತ ಸ್ವಾಮಿಗೆ ನಾನೇನ್ ಹೇಳಿಲ್ಲ.”

ಹೀಗೆ ಒಪ್ಪಂದವಾಯಿತು. ಅದರ ರಿವಾಜನ್ನು ಮಾತ್ರ ಅವನಿಗೆ ಹೇಳದೆ ನನ್ನ ಮನಸ್ಸಿನಲ್ಲೇ ಇಟ್ಟುಕೊಂಡೆ. ನಾನು ಎರಡೂ ಕೈಯಲ್ಲಿ ಸುರಿದುಕೊಡಬೇಕು. ಅವನು ಮೂಸಿ ನೋಡಿ ಲೋಟವನ್ನು ನನಗೇ ಕೊಡಬೇಕು. ನಾನು ಅವನೆದುರೇ ಕೂತು, ಮುಖ ತಿರುಗಿಸಿ ಕುಡಿಯಬೇಕು. ಸೇತುವೆ ಕೆಳಗೆ ಅಲ್ಲ, ನಮ್ಮ ಮನೆಯಲ್ಲಿ. ನಾನು ಜೀವನದಲ್ಲಿ ತಮಾಷೆಯಿಲ್ಲದೆ ಹಾಕಿಕೊಂಡ ಯೋಜನೆ ಅದೊಂದೇ.

ಬ್ಯಾಗಿನಲ್ಲಿ ತಂದಿದ್ದ ನುರುಕನ್ನು ಪುಡಿಮಾಡಿ, ಸೊಸೈಟಿ ಅಕ್ಕಿಯಲ್ಲೇ ಮಡಕೆ ಹೂಡಿ, ಕುರಿ ಹಿಂಡಿಯ ಕೋಣೆಯ ಮೂಲೆಯಲ್ಲಿಟ್ಟೆ. ಮಡಕೆ ಮಾತು ಕಲಿತ ದಿನವೇ ದೊಡ್ಡಮ್ಮನ ಕೈಗೆ ಸಿಕ್ಕಿಬಿದ್ದೆ.

“ಏನ್ಲೇ ಅದು, ಮಡಿಕೆ ಒಳಗೆ ಕಪ್ಪೆ ಕುಂತಂಗೈತೆ?”

ಆ ಸೊಟ್ಟ ಮುಂಗೈ ಮಡಕೆಯ ಮೇಲಿತ್ತು. ಅವಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಇದು ಹೆಂಡ, ಮುಟ್ಟಬೇಡ ಎಂದೇ ಹೇಳಿದೆ. ಆದರೆ ಹೆದರಿಕೆಗೆ ಗಂಟಲಿನಿಂದ ಎದ್ದು ಬಂದವರು ಸಾಹೇಬರು. ಅವರದೇ ಎಳೆತ, ಅವರದೇ ನಡು ಬಗ್ಗಿಸುವಿಕೆ. ನಿಜ ಹೇಳುವಾಗಲೂ ನನಗೆ ನನ್ನ ದನಿ ಸಿಗಲಿಲ್ಲ.

ದೊಡ್ಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. “ಮೊನ್ನೆ ಮೊಸರಿನ ಗಡಿಗೆ ತೋರ್ಸಿ ಬ್ರಾಂದಿ ಅಂದಿದ್ದೆ. ಇವತ್ತು ಗಂಜಿ ಮಡಿಕೆ ಹೆಂಡ ಆತು. ಹೋಗಲೇ, ಕೋತಿ.”

ನಾನೂ ನಕ್ಕೆ. ಹೇಳಿದಂತೂ ಆಯಿತಲ್ಲ ಎಂದು ಸಮಾಧಾನವೂ ಆಯಿತು.

ಮಾರನೆಯ ಬೆಳಗ್ಗೆ ಹೊಳಲ್ಕೆರೆ ಮೇಲೆ ಹೋಗುವ ಬಸ್ಸು ಹಿಡಿದು ಚಿತ್ರದುರ್ಗಕ್ಕೆ ಹೋದೆ. ಸಾಹೇಬರ ಸಿಹಿ ಸೋಡಾದ ಬದಲಿಗೆ ಮಕ್ಕೊಲಿಗೆ ಬೆರೆಸಲು ನನ್ನಾರಿ ಬೇರಿನ ಶರಬತ್ತು ಬೇಕಿತ್ತು. ಕೋಟೆ ರಸ್ತೆಯಲ್ಲಿ ನನ್ನ ಗೆಳೆಯನ ಮನೆಯವರು ತಾತ ಮುತ್ತಾತನ ಕಾಲದಿಂದ ಶರಬತ್ತು ಮಾಡುತ್ತಾರೆ. ಯಾತಕ್ಕೆಂದು ಹೇಳಿದಾಗ ಅವನು ಬಾಟಲಿಯನ್ನು ಎದೆಗವಚಿಕೊಂಡ.

“ನನ್ ಶರಬತ್ತು ಹಲಾಲು, ನಿನ್ ಮಡಿಕೆ ಹರಾಮು. ಎರಡಕ್ಕೂ ಮದ್ವಿ ಮಾಡ್ಸೋ ಪಾಪ ನಿಂದು ಭಾಯ್, ನಂಗೆ ಹಚ್ಚಬ್ಯಾಡ. ಮತ್ತೆ ಕಮ್ಮಿ ಹಾಕು. ಜಾಸ್ತಿ ಆದ್ರೆ ಕೆಮ್ಮಿನ ಔಷ್ದಿ ಆಗ್ತೈತೆ.”

ಬಸ್ಸಿನಲ್ಲಿ ಬಾಟಲಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಧ್ಯಾಹ್ನ ತಿರುಗಿ ಬಂದೆ. ಮಡಕೆ ಅಂಗಳದ ಬಿಸಿಲಲ್ಲಿ ಬೋರಲು ಬಿದ್ದಿತ್ತು, ತೊಳೆದು ಫಳಫಳ.

“ಅನ್ನ ಹುಳಿ ಬಂದಿತ್ತು ಕಣಪ್ಪ,” ಎಂದಳು ದೊಡ್ಡಮ್ಮ. “ಕೆಡ್ಸಾದ್ ಯಾಕೆ ಅಂತ ಕಿವುಚಿ, ಮಜ್ಜಿಗೆ ಉಪ್ಪು ಹಾಕಿ, ಈರುಳ್ಳಿ ಜಜ್ಜಿ ಹಾಕ್ದೆ. ಕ್ಯಾನಿಗೆ ತುಂಬ್ಕಂಡ್ ಹೋಗಿ ನಿಮ್ ದೊಡ್ಡಪ್ಪಂಗೆ ಕುರಿ ಹಟ್ಟಿ ತಾವ ಕೊಟ್ ಬಂದೆ.”

ಕುರಿ ಕಾಯುವವರ ಮನೆಯಲ್ಲಿ ಹುಳಿ ಬಂದ ಗಂಜಿಯನ್ನು ಚೆಲ್ಲುವುದಿಲ್ಲ. ಬಿಸಿಲಿಗೆ ಹೋದವರ ಹೊಟ್ಟೆಗೆ ಅದೇ ತಂಪು. ಮಕ್ಕೊಲಿಯನ್ನು ಯಾರೂ ಗಂಜಿ ಅಂದುಕೊಳ್ಳದ ಸಾಹೇಬರ ಊರಿನಲ್ಲಿ ಈ ಅನಾಹುತ ಆಗುತ್ತಿರಲಿಲ್ಲ.

“ಕುಡಿದನಾ?” ಎಂದೆ.

“ಒಂದ್ ಗುಟುಕು ಕುಡ್ದು ನನ್ ಮುಖ ನೋಡ್ದ. ಆಮೇಲೆ ಕ್ಯಾನು ಖಾಲಿ ಮಾಡ್ದ. ಇಷ್ಟು ಇಷ್ಟಪಟ್ಟು ನನ್ ಕೈಯಿಂದ ಅವ್ನು ಯಾವತ್ತೂ ಉಂಡಿರ್ಲಿಲ್ಲ.” ಅವಳ ಮುಖದಲ್ಲಿ ಹೊಸ ಸೊಸೆಯ ಸಂಭ್ರಮವಿತ್ತು.

ಹಟ್ಟಿಗೆ ಓಡಿದೆ. ದೊಡ್ಡಪ್ಪ ಜಾಲಿ ಮರದ ನೆರಳಲ್ಲಿ ಕೂತಿದ್ದ. ಕಣ್ಣು ಸ್ವಲ್ಪ ಕೆಂಪು, ಅಷ್ಟೇ. ಖಾಲಿ ಕ್ಯಾನು ಕಾಲ ಬಳಿ ಇತ್ತು.

“ಗೊತ್ತಾಗ್ಲಿಲ್ವಾ?” ಎಂದು ಕೇಳಿದೆ.

“ಬಾಯಿಗ್ ಹೋಗೋಕ್ ಮುಂಚೆನೇ ಗೊತ್ತಾತು.”

“ಮತ್ತೆ?”

“ಎದುರಿಗೆ ನಿಂತಿದ್ಲು. ಆ ಕೈಯಾಗೇ ಲೋಟ ಕೊಟ್ಲು. ಉಗುಳಿದ್ರೆ ಯಾಕಂತ ಹೇಳ್ಬೇಕಾಗಿತ್ತು. ನನ್ ಆಣೆ ಅವಳೇ ಮುರುದ್ಲು ಅಂತ ಅವಳಿಗ್ ಹೆಂಗ್ ಹೇಳ್ಲಿ?”

“ಅವಳಿಗೋಸ್ಕರ ಕುಡ್ದೆ ಅನ್ನು.”

ಅವನು ಖಾಲಿ ಕ್ಯಾನನ್ನು ಕಾಲಿನಿಂದ ಆಚೆಗೆ ಸರಿಸಿದ. “ಮೊದ್ಲನೇ ಲೋಟ ಅವಳಿಗೋಸ್ಕರ. ಉಳಿದದ್ದು ಯಾರಿಗೋಸ್ಕರ ಅಂತ ಅದನ್ನೇ ಕುಂತು ಯೋಚ್ನೆ ಮಾಡ್ತಿದೀನಿ.” ಆಮೇಲೆ ಮೆಲ್ಲಗೆ ಹೇಳಿದ: “ಅದೇ ಕಣಲೇ. ಈಚಲ ಮರದ ಕೆಳಗಿಂದು ಅದೇ. ಈರುಳ್ಳಿ ಒಂದು ಹಾಕಬಾರ್ದಿತ್ತು.”

ಮುಂದಿನ ಸೋಮವಾರ ಕುರಿಗಳಿಗೆ ರೋಗ ಬಾರದಿರಲೆಂದು ಹೇಳಿ ಅವನೊಬ್ಬನೇ ಹಾಲುರಾಮೇಶ್ವರಕ್ಕೆ ಹೋಗಿ ಬಂದ. ಬಂದವನಿಗೆ ನಾನು ಶರಬತ್ತಿಗೆ ಸೋಡಾ ಬೆರೆಸಿ, ಎರಡೂ ಕೈಯಲ್ಲಿ ಲೋಟಕ್ಕೆ ಸುರಿದುಕೊಟ್ಟೆ.

“ಕೈಗೇನಾಗೈತಲೇ?” ಎಂದ. ಮೂಗಿಗೆ ಹಿಡಿದು ಮೂಸಿ, ಆಮೇಲೆ ಕುಡಿದ.

ಈಗ ಏನು ಕೊಟ್ಟರೂ ಮೊದಲು ಮೂಸುತ್ತಾನೆ. ಗಂಜಿ, ಮಜ್ಜಿಗೆ, ನೀರು ಕೂಡ. ದೊಡ್ಡಮ್ಮ ಬಾಗಿಲಲ್ಲಿ ನಿಂತು ನೋಡುತ್ತಾಳೆ. “ನನ್ ಕೈಯಡಿಗೆ ಮ್ಯಾಲೆ ಏನ್ ಅನುಮಾನ ಬಂತೋ, ನಾಯಿ ಮೂಸ್ದಂಗೆ ಮೂಸ್ತಾನೆ” ಎಂದು ನನ್ನ ಹತ್ತಿರ ಹೇಳಿಕೊಳ್ಳುತ್ತಾಳೆ. ಅವತ್ತು ಅಷ್ಟು ಇಷ್ಟಪಟ್ಟು ಕುಡಿದವನು ಇವನೇನಾ ಎಂದು ಕೇಳುತ್ತಾಳೆ. ಹೇಳಬೇಕೆಂದು ಬಾಯಿ ತೆರೆಯುತ್ತೇನೆ.

“ಅದಿರ್ಲಿ, ಆ ಕೊರಿಯಾದೋನ್ನ ಮಾಡು ಒಂದ್ಸಾರಿ,” ಎನ್ನುತ್ತಾಳೆ, ನಗಲು ಸೆರಗನ್ನು ಸಿದ್ಧಮಾಡಿಕೊಂಡು.

ನಿಜ ಹೇಳಿದ್ದ ಆ ದನಿಯನ್ನು ಬಿಟ್ಟು, ನಾನು ಕಂಡಕ್ಟರನ್ನು ಮಾಡಿ ತೋರಿಸುತ್ತೇನೆ.