ಎಲ್ಲವನ್ನೂ ಕಾಣುವ ಕ್ಯಾಮೆರಾ ಬೇಕೆ?

ಕ್ಯಾಮೆರಾಕ್ಕೆ ಹಣೆ ಎಲ್ಲಿರುತ್ತದೆ?

ನನಗೆ ಗೊತ್ತಿರಲಿಲ್ಲ. ನಮ್ಮ ಅತ್ತೆಯವರಿಗೆ ಗೊತ್ತಿತ್ತು. ಈ ಸಲದ ದಸರೆಯ ಖಂಡೆಪೂಜೆಯ, ಅಂದರೆ ಆಯುಧಪೂಜೆಯ ದಿನ ಕುಡಗೋಲು, ಈಳಿಗೆ, ಮಿಕ್ಸರ್ ಎಲ್ಲದರ ಜೊತೆ ನನ್ನ ಡಿಜಿಟಲ್ ಎಸ್ಸೆಲ್ಲಾರ್ ಕ್ಯಾಮೆರಾವನ್ನೂ ಮಣೆಯ ಮೇಲೆ ಕೂರಿಸಿ, ಲೆನ್ಸಿನ ಗಾಜಿನ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದಿದ್ದರು. ನಡುವೆ ಕುಂಕುಮ. ತಲೆಯ ಮೇಲೆ ಚೆಂಡು ಹೂ. (ಫ್ಲ್ಯಾಶ್ ಸಿಕ್ಕಿಸುವ ಜಾಗವನ್ನು ಹೂವಿಗೆಂದೇ ಮಾಡಿದಂತಿದೆ. ಬೀಳದೆ ನಿಂತಿತ್ತು.)

"ಅತ್ತಿಯಾರ, ಅದು ಹಣಿ ಅಲ್ಲರಿ, ಕಣ್ಣು," ಎಂದೆ.

"ಕಣ್ಣಾದರ ಏನಾತವಾ? ಶಿವನ ಮೂರನೇ ಕಣ್ಣು ಹಣಿಮ್ಯಾಲೇ ಇರೂದಲ್ಲ?"



ಗಡಿಬಿಡಿಯಲ್ಲಿ ಸೆರಗಿನಿಂದ ಒರೆಸಿಬಿಟ್ಟೆ. ಸೆರಗಿನಲ್ಲಿ ಜರಿ ಇತ್ತು. ಗಾಜಿನ ಮೇಲೆ ಕೂದಲೆಳೆಯಂಥ ಗೀರುಗಳು ಬಿದ್ದವು. ಅಂದಿನಿಂದ ಬೆಳಕಿನ ಎದುರು ಯಾರನ್ನು ನಿಲ್ಲಿಸಿ ಫೋಟೋ ತೆಗೆದರೂ ಮುಖದ ಸುತ್ತ ಚಳಿಗಾಲದ ಮುಂಜಾವಿನ ಮಂಜು.

ಬೈಲಹೊಂಗಲದ ನಮ್ಮ ಓಣಿಯಲ್ಲಿ ಬಸುರಿಯ ಕುಬಸ, ಕೂಸಿನ ತೊಟ್ಟಿಲು, ಎಲ್ಲಕ್ಕೂ ಫೋಟೋ ತೆಗೆಯುವವಳು ನಾನೇ. ಹಾಗಾಗಿ ನಮ್ಮವರಿಗೆ ಕನಿಕರ ಬಂತು. ಬೆಳಗಾವಿಯಲ್ಲಿ ಅವರ ಕ್ಲಾಸ್‌ಮೇಟ್ ಒಬ್ಬರ ಕ್ಯಾಮೆರಾ ಅಂಗಡಿ ಇದೆ. ಅವರು ಹೊಸ ಮಾಡೆಲ್ ಒಂದನ್ನು ಲೆನ್ಸ್ ಸಮೇತ ಕಳಿಸಿ, ಫೋನಿನಲ್ಲಿ, "ಸ್ವಲ್ಪ ದಿನ ಇಟಗೊಂಡು ನೋಡ್ರಿ. ಮನಸ್ಸಿಗೆ ಬಂದರ ಹಳೇದು ನಮಗ ಕೊಟ್ಟುಬಿಡ್ರಿ. ಇಲ್ಲಂದರ ಹಳೇದಕ್ಕ ಬರೇ ಲೆನ್ಸ್ ಹಾಕಿಸ್ರಿ. ಇಲ್ಲಂದರ ಇನ್ನೊಂದು ವರ್ಷ ಕಾಯ್ರಿ, ಇದಕ್ಕಿಂತ ಚಲೋದು ಬರತೈತಿ," ಎಂದರು.

ಮಾರುವವರೇ ಹೀಗೆ ಮೂರು ದಾರಿ ತೋರಿಸಿದರೆ ಕೊಳ್ಳುವವರು ಏನು ಮಾಡಬೇಕು?

ಜೊತೆಗೆ ಒಂದು ದಪ್ಪ ಇಂಗ್ಲಿಷ್ ಮ್ಯಾನುಯಲ್. "ನೀ ಕಾನ್ವೆಂಟ್ ಕಲತಾಕಿ, ನೀನ ಓದು," ಎಂದು ನಮ್ಮವರು ಅದನ್ನು ನನ್ನ ಮಡಿಲಿಗೆ ಹಾಕಿದರು. ಓದಿದೆ. ಪ್ರತಿಯೊಂದು ಶಬ್ದವೂ ಗೊತ್ತಿತ್ತು, ಒಂದು ವಾಕ್ಯವೂ ಅರ್ಥವಾಗಲಿಲ್ಲ. ತಿಳಿದದ್ದು ಇಷ್ಟು: ಹಳೆಯದಕ್ಕಿಂತ ಎರಡು ಪಟ್ಟು ಮೆಗಾಪಿಕ್ಸೆಲ್. ಕತ್ತಲಲ್ಲೂ ಕಾಣುತ್ತದೆ. ತನ್ನ ಮೈಯನ್ನು ತಾನೇ ಕೊಡವಿಕೊಂಡು ಒಳಗಿನ ಧೂಳು ತೆಗೆಯುತ್ತದೆ. (ಈ ವಿದ್ಯೆ ನಮ್ಮ ಎಮ್ಮೆಗೆ ಮೊದಲಿನಿಂದಲೂ ಗೊತ್ತಿದೆ.)

ಮೊದಲ ಫೋಟೋ ಅತ್ತೆಯವರದೇ. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದರು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಒಂದೊಂದು ಜೋಳದ ಕಾಳನ್ನೂ ಎಣಿಸಬಹುದಿತ್ತು.

"ಅಯ್ಯ ಇದರ! ಈ ಹರಳು ನನ್ನ ಕಣ್ಣಿಗೆ ಬಿದ್ದಿದ್ದಿಲ್ಲ ನೋಡು," ಎಂದವರೇ ಎದ್ದು ಹೋಗಿ ಮೊರದಲ್ಲಿ ಕೈಯಾಡಿಸಿ ಆ ಹರಳನ್ನು ಹೆಕ್ಕಿ ಎಸೆದು ಬಂದರು. ಆಮೇಲೆ ತಮ್ಮ ಮುಖ ನೋಡಿಕೊಂಡರು. ಬಹಳ ಹೊತ್ತು ನೋಡಿದರು.

"ಇದು ನಾ ಅಲ್ಲ. ನಮ್ಮ ಅತ್ತಿ," ಎಂದರು. ದನಿಯಲ್ಲಿ ಪ್ರೀತಿ ಇರಲಿಲ್ಲ.

ನನಗೆ ಗೊಂದಲ ಶುರುವಾದದ್ದು ಅಲ್ಲಿಂದ. ಹರಳು ಕಾಣುವ ಕ್ಯಾಮೆರಾ ಬೇಕು. ಸುಕ್ಕು ಕಾಣುವುದು ಬೇಡ. ಅಂಥ ಮಾಡೆಲ್ ಯಾವುದು? ಮ್ಯಾನುಯಲ್ಲಿನಲ್ಲಿ ಇರಲಿಲ್ಲ.

ಹೀಗಿರುವಾಗ ಎದುರು ಮನೆಯ ನಿರ್ಮಲಕ್ಕ ಬಂದರು, ಜೊತೆಗೆ ಮಗಳು ಶೋಭಾ. ಶೋಭಾ ಇಲ್ಲೇ ಸಣ್ಣ ಮಕ್ಕಳ ಶಾಲೆಯಲ್ಲಿ ಟೀಚರ್. ಮೂರು ವರ್ಷದವಳಿದ್ದಾಗ ದೀಪಾವಳಿಯ ಚಕ್ಕುಲಿ ಎಣ್ಣೆ ಸಿಡಿದು ಎಡಗಿವಿಯಿಂದ ಗದ್ದದವರೆಗೆ ಸುಟ್ಟ ಕಲೆ ಉಳಿದಿದೆ. ದಿನವೂ ನೋಡುವ ನಮಗೆ ಅದು ಕಾಣುವುದೇ ಇಲ್ಲ. ಹೆಣ್ಣು ನೋಡಲು ಬಂದವರಿಗೆ ಅದೊಂದೇ ಕಾಣುತ್ತದೆ.

ಎರಡು ಸಲ ಬಂದಿದ್ದರು. ಎರಡು ಸಲವೂ ಬಲಗೆನ್ನೆ ತೋರಿಸುವ ಸ್ಟುಡಿಯೋ ಫೋಟೋ ಮೊದಲು ಹೋಗಿತ್ತು. ಎರಡನೆಯ ಸಲ ಹುಡುಗನ ಸೋದರತ್ತೆ ಎಲ್ಲರೆದುರೇ, "ತಂಗಿ, ಸ್ವಲ್ಪ ಈ ಕಡೆ ಹೊಳ್ಳು," ಎಂದಿದ್ದರಂತೆ. ಈಗ ರಾಮದುರ್ಗದಿಂದ ಒಂದು ಸಂಬಂಧ. ಹುಡುಗ ಹೈಸ್ಕೂಲ್ ಮೇಷ್ಟ್ರು. ಅವರೂ ಮೊದಲು ಫೋಟೋ ಕೇಳಿದ್ದಾರೆ.

"ವೈನಿ, ಆ ಪೂಜಿ ಮಾಡಿದ ಕ್ಯಾಮೆರಾದಾಗ ತಗೀರಿ," ಎಂದರು ನಿರ್ಮಲಕ್ಕ. ಮೊನ್ನೆಯ ತೊಟ್ಟಿಲ ಫೋಟೋದಲ್ಲಿ ಮಗಳ ಮುಖ ಅವರಿಗೆ ಬಹಳ ಹಿಡಿಸಿತ್ತು.

ಕಿಟಕಿಯ ಹತ್ತಿರ ನಿಲ್ಲಿಸಿ ಎರಡರಲ್ಲೂ ತೆಗೆದೆ. ಕಂಪ್ಯೂಟರಿನಲ್ಲಿ ಪಕ್ಕಪಕ್ಕ ಇಟ್ಟೆ.

ಹಳೆಯ ಕ್ಯಾಮೆರಾದ ಶೋಭಾ ಮಂಜಿನೊಳಗಿಂದ ಆಗಷ್ಟೇ ಬಂದವಳಂತಿದ್ದಳು. ಕಲೆಯ ಸುಳಿವಿಲ್ಲ. ಹೊಸದರಲ್ಲಿ ಕಲೆ ಇತ್ತು, ಮುದುಡಿ ಬಿಡಿಸಿದ ರೇಷ್ಮೆಯ ಹಾಗೆ, ನೆರಿಗೆ ನೆರಿಗೆಯಾಗಿ. ಆದರೆ ಉಗುರಿನ ಸಂದಿಯ ಸೀಮೆಸುಣ್ಣವೂ ಇತ್ತು. ಇನ್ನೇನು ನಗಬೇಕೆಂದು ತುಟಿಯ ಒಂದು ತುದಿ ಎದ್ದಿದ್ದೂ ಇತ್ತು. ಹಳೆಯದರಲ್ಲಿ ಆ ನಗೆಯೂ ಮಂಜಿನಲ್ಲಿ ಹೋಗಿತ್ತು.

"ಇದs. ಇದನ್ನ ಕಳಸೂಣು," ಎಂದು ನಿರ್ಮಲಕ್ಕ ಹಳೆಯದರ ಮೇಲೆ ಬೆರಳಿಟ್ಟರು.

"ಅದು ನಾ ಅಲ್ಲಬೇ ಯವ್ವಾ," ಎಂದಳು ಶೋಭಾ.

"ನೀನs ಅದಿ. ಬೆಳಕು ಚಂದ ಬಿದ್ದೈತಿ, ಅಷ್ಟs."

"ಅವರು ರಾಮದುರ್ಗದಿಂದ ಬರೂವಾಗ ಈ ಬೆಳಕ ಜೋಡಿ ತರತಾರೇನು?"

ನಿರ್ಮಲಕ್ಕ ನನ್ನ ಕಡೆ ನೋಡಿದರು. ನಾನು ಮೌಸ್ ನೋಡಿದೆ.

"ಎರಡು ಸಲ ಅವಲಕ್ಕಿ ತಂದು ಕೊಟ್ಟೇನಿ ಕಾಕು," ಶೋಭಾ ನನಗೆ ಹೇಳುತ್ತಿದ್ದಳು, ಕೇಳಬೇಕಾದವರು ತಾಯಿ. "ನನ್ನ ಮುಖ ನೋಡಿ ಪ್ಲೇಟು ಕೆಳಗಿಟ್ಟರು. ಇನ್ನೊಂದು ಸಲ ಹಂಗ ನಿಂದರಾಕ ನನ್ನ ಕೈಲಿ ಆಗೂದಿಲ್ಲ. ನೋಡೂದಿದ್ದರ ಮೊದಲs ನೋಡಲಿ."

"ಫೋಟೋ ನೋಡಿ ಬರದs ಹೋದರ?"

"ಅವಲಕ್ಕಿ ಉಳೀತು."

ನನಗೆ ನಗು ಬಂತು, ನಿರ್ಮಲಕ್ಕನಿಗೆ ಅಳು ಬಂತು. "ಆ ಎಣ್ಣಿ ಒಲಿ ಮ್ಯಾಲೆ ಇಟ್ಟಾಕಿ ನಾನs ಅದೇನಿ ವೈನಿ," ಎಂದರು. ಶೋಭಾ ತಾಯಿಯ ಬೆನ್ನ ಮೇಲೆ ಕೈಯಿಟ್ಟಳು. ಮಾತು ಮಾತ್ರ ಬದಲಿಸಲಿಲ್ಲ.

ಇಬ್ಬರೂ ನನ್ನನ್ನು ಕೇಳಿದರು. ಕಲಿತವಳಲ್ಲವೇ? ನನಗೆ ತಾಯಿ ಹೇಳಿದ್ದೂ ಸರಿ ಅನಿಸಿತು, ಮಗಳು ಹೇಳಿದ್ದೂ ಸರಿ ಅನಿಸಿತು. ಊಟಕ್ಕೆ ಬಂದ ನಮ್ಮವರನ್ನು ಕೇಳಿದೆ. "ಎರಡೂ ಕಳಸ್ರಿ," ಎಂದರು. (ಗಂಡಸರ ಪರಿಹಾರ.) ಎರಡೂ ಕಳಿಸಿದರೆ, "ನಿಮಗೆ ಇಬ್ಬರು ಹೆಣ್ಣುಮಕ್ಕಳೇನು?" ಎಂದು ಅವರು ಕೇಳುವುದಿಲ್ಲವೇ?

ಕೊನೆಗೆ ಮಗಳದೇ ನಡೆಯಿತು. ಹೊಸ ಕ್ಯಾಮೆರಾದ ಫೋಟೋವನ್ನು ಸಿ.ಡಿ.ಗೆ ಹಾಕಿಕೊಂಡು ನಾನೂ ಅವಳೂ ಪೇಟೆಯ ಸ್ಟುಡಿಯೋಗೆ ಹೋಗಿ ಪ್ರಿಂಟಿಗೆ ಕೊಟ್ಟೆವು. ಸಂಜೆ ತೆಗೆದುಕೊಳ್ಳಲು ಹೋದರೆ ಕವರಿನೊಳಗೆ ಬೇರೆ ಯಾರೋ ಇದ್ದರು. ಕೆನ್ನೆ ನುಣ್ಣಗೆ, ಹೊಸ ಸೋಪಿನ ಹಾಗೆ.

"ಕಲೆ ಇತ್ತಲ್ಲರಿ ಅಕ್ಕಾರ, ಕಂಪ್ಯೂಟರಿನ್ಯಾಗ ತಗದೇನಿ," ಎಂದರು ಸ್ಟುಡಿಯೋದವರು, ದೊಡ್ಡ ಉಪಕಾರ ಮಾಡಿದ ಸಂತೋಷದಲ್ಲಿ. "ಅದಕ್ಕ ಬ್ಯಾರೆ ಏನೂ ತಗೊಳ್ಳೂದಿಲ್ಲ ಬಿಡ್ರಿ."

ಶೋಭಾ ಫೋಟೋವನ್ನು ಗಾಜಿನ ಕೌಂಟರಿನ ಮೇಲೆ ಇಟ್ಟಳು. "ನನ್ನ ಕಲೆ ನನಗ ವಾಪಸ್ ಕೊಡ್ರಿ," ಎಂದಳು.

ಪಾಪ, ಅವರು ಕಕ್ಕಾಬಿಕ್ಕಿ. ತೆಗೆದ ಕಲೆಯನ್ನು ಮತ್ತೆ ಹಾಕಿರಿ ಎಂದು ಕೇಳಿದ ಗಿರಾಕಿ ಅವರಿಗೆ ಇದುವರೆಗೆ ಸಿಕ್ಕಿರಲಿಕ್ಕಿಲ್ಲ. ನನ್ನ ಮುಖ ನೋಡಿದರು, ದೊಡ್ಡವರು ನೀವಾದರೂ ಹೇಳಿ ಎನ್ನುವಂತೆ. ನಾನು ನನಗೇ ಗೊತ್ತಿಲ್ಲದೆ, "ಇದ್ದದ್ದು ಇದ್ದ ಹಂಗ ಮಾಡಿ ಕೊಡ್ರಿ," ಎಂದೆ. ಎಷ್ಟೋ ದಿನಗಳಲ್ಲಿ ನಾನು ಖಚಿತವಾಗಿ ಆಡಿದ ಮಾತು ಅದೊಂದೇ. ಮನೆ ಮುಟ್ಟುವಷ್ಟರಲ್ಲಿ ಅದರ ಬಗ್ಗೆಯೂ ಅನುಮಾನ ಬಂತು. ನಾಳೆ ಅವರು ಬರದೇ ಹೋದರೆ? ನನ್ನ ಮೆಗಾಪಿಕ್ಸೆಲ್ಲುಗಳು ಒಂದು ಹುಡುಗಿಯ ಮದುವೆ ಮುರಿದವು ಅಂತಾಗುವುದಿಲ್ಲವೇ?

ಹಿರಿಯರೊಬ್ಬರ ಕೈಯಲ್ಲಿ ಫೋಟೋ ಸವದತ್ತಿ ಬಸ್ ಹತ್ತಿ ರಾಮದುರ್ಗಕ್ಕೆ ಹೋಯಿತು. ಆಮೇಲಿನ ದಿನಗಳಲ್ಲಿ ನಿರ್ಮಲಕ್ಕ ನಮ್ಮ ಮನೆಗೆ ಬರಲಿಲ್ಲ. ಅವರ ಬಾಗಿಲು ಕಂಡಾಗಲೆಲ್ಲ ನನಗೆ ಹಳೆಯ ಕ್ಯಾಮೆರಾದ ಮೇಲೆ ಮೋಹ ಬರುತ್ತಿತ್ತು. ಎಷ್ಟು ದಯೆ ಇತ್ತು ಅದಕ್ಕೆ! ಅದನ್ನು ಯಾಕೆ ಕೊಡಬೇಕು? ಮತ್ತೆ, ಶಾಲೆಗೆ ಹೊರಟ ಶೋಭಾ ಕೈ ಬೀಸಿದಾಗ ಹೊಸದರ ಮೇಲೆ ಮೋಹ. ಆ ತುಟಿಯ ತುದಿಯ ನಗು ಹಳೆಯದಕ್ಕೆ ಸಿಕ್ಕಿತ್ತೇ?

ಮೊನ್ನೆ ನಿರ್ಮಲಕ್ಕ ಓಡಿ ಬಂದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ವೈನಿ, ಐತಾರ ಬರತಾರಂತ! ಫೋಟೋ ನೋಡಿ ಹುಡುಗನs ಹೋಗೂಣು ಅಂದನಂತ!"

ಜೊತೆಗೆ ಹುಡುಗನ ಫೋಟೋ ಬಂದಿತ್ತು. ಎಲ್ಲರೂ ನೋಡಿದೆವು. ನೀಲಿ ಪರದೆ, ಮುಖದ ಸುತ್ತ ಬೆಳ್ಳಗಿನ ಹೊಗೆ, ಕೆನ್ನೆ ನುಣ್ಣಗೆ. ಅತ್ತೆಯವರು, "ಹುಡುಗ ಭಾಳ ಬೆಳ್ಳಗ ಅದಾನ," ಎಂದರು. ನಿರ್ಮಲಕ್ಕ ಕಣ್ಣು ಒರೆಸಿಕೊಂಡರು. ಶೋಭಾ ಮಾತ್ರ ಫೋಟೋವನ್ನು ಕಿಟಕಿಯ ಹತ್ತಿರ ಒಯ್ದು ಓರೆ ಮಾಡಿ, ನೇರ ಮಾಡಿ, ಕಾಪಿ ತಿದ್ದುವ ಟೀಚರಿನ ಹಾಗೆ ನೋಡಿದಳು.

"ಕಾಕು, ಆ ಹೊಸ ಕ್ಯಾಮೆರಾ ವಾಪಸ್ ಕೊಟ್ಟರೇನು?"

"ಇಲ್ಲ. ಅಂಗಡಿಯವರು ಶನಿವಾರದೊಳಗ ಹೇಳ್ರಿ ಅಂತ ಫೋನ್ ಮಾಡಿದ್ದರು. ನನಗಿನ್ನೂ ಏನೂ ತಿಳೀವಲ್ಲದು."

ಅಂಗಡಿಗೆ ಫೋನ್ ಮಾಡಿ, ಭಾನುವಾರ ಮುಗಿಯುವ ತನಕ ಕ್ಯಾಮೆರಾ ನನ್ನ ಹತ್ತಿರವೇ ಇರುತ್ತದೆ ಎಂದು ಹೇಳಿಬಿಟ್ಟಿದ್ದೇನೆ. ಕೊಳ್ಳುವುದೋ ಬಿಡುವುದೋ ಆಮೇಲೆ ನೋಡೋಣ, ಹುಡುಗನ ಮುಖವನ್ನೂ ಒಮ್ಮೆ ದೊಡ್ಡದು ಮಾಡಿ ನೋಡಬೇಕಲ್ಲವೇ?