ನಾಮಿನಿ ಕಾಲಂನಲ್ಲಿ ದೊಡ್ಡಪ್ಪ

ನಮ್ಮಪ್ಪ ಹಟ್ಟಿಗೆಲ್ಲ ಬುದ್ಧಿ ಹೇಳುತ್ತಿದ್ದ ಮನುಷ್ಯ. ತಮಿಳು ಸೀಮೆಯ ನಮ್ಮ ಬೆಟ್ಟದ ಮೇಲಿನ ವೆಲ್ಲಿಂಗ್ಟನ್ ಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ನೌಕರರ ಭವಿಷ್ಯನಿಧಿ, ಪಿಂಚಣಿಯ ಕಾಗದಗಳನ್ನು ನೋಡಿಕೊಳ್ಳುವುದೇ ಅವನ ಕೆಲಸ. ಶನಿವಾರ ಸಂಜೆ ಮಂಜೂರಿನಲ್ಲಿ ಬಸ್ಸಿಳಿದು ಮನೆಗೆ ಬಂದರೆ, ಭಾನುವಾರ ಬೆಳಗ್ಗೆ ಜಗಲಿಯ ಮೇಲೆ ನಾಲ್ಕಾರು ಜನ ಫಾರಂ ಹಿಡಿದು ಕೂತಿರುತ್ತಿದ್ದರು. ಅಪ್ಪ ಕನ್ನಡಕ ಏರಿಸಿ ಒಬ್ಬೊಬ್ಬರನ್ನೇ ಗದರುತ್ತಿದ್ದ.

"ನಾಮಿನಿ ಅಂತ ಇನ್ನೂ ತಮ್ಮನ ಹೆಸರೇ ಇದ್ದರ? ಹೆಮ್ಮಾತಿ ಹೆಸರು ಇಲ್ಲೆ? ನಾಳೆ ನೀ ಸತ್ತರೆ ನಿನ್ನ ಹೆಂಡತಿ ಆಫೀಸು ಬಾಗಿಲಲ್ಲಿ ನಿಂತು ಅಳೋದಾ?"

ಬೈಸಿಕೊಂಡವರು ತಲೆ ಕೆರೆದುಕೊಂಡು ಹೆಂಡತಿಯ ಹೆಸರು ಬರೆಸಿ, ಕಾಫಿ ಕುಡಿದು ಹೋಗುತ್ತಿದ್ದರು. ಕಾಫಿ ಕೊಡುತ್ತಿದ್ದವಳು ಅವ್ವೆ. ಆ ಉಪದೇಶವನ್ನೆಲ್ಲ ವರ್ಷಗಟ್ಟಲೆ ಕೇಳಿದವಳೂ ಅವಳೇ. ಅಪ್ಪನ ಸ್ವಂತ ಫಾರಂನಲ್ಲಿ ಯಾರ ಹೆಸರಿದೆ ಎಂದು ಅವಳು ಕೇಳಲಿಲ್ಲ. ಕೇಳಬೇಕು ಎಂದು ನನಗೂ ಅಣ್ಣನಿಗೂ ಹೊಳೆಯಲಿಲ್ಲ.

ನಮ್ಮಲ್ಲಿ ಯಾವ ಕಾಗದಕ್ಕಾದರೂ ಮನೆಯ ಹಿರಿಯನ ಹೆಸರೇ ಮೊದಲು. ಟೀ ತೋಟದ ಪಟ್ಟಾ ದೊಡ್ಡಪ್ಪನ ಹೆಸರಿಗೆ. ಟೀ ಎಲೆ ತೂಗಿ ಹಾಕುವ ಫ್ಯಾಕ್ಟರಿಯ ಲೆಕ್ಕದ ಪುಸ್ತಕ ಅವನ ಹೆಸರಿಗೆ. ಬೇರೆ ಮನೆಯಲ್ಲಿದ್ದ ನಮ್ಮ ಕರೆಂಟು ಬಿಲ್ಲೂ ಅವನ ಹೆಸರಿಗೆ. ನಮ್ಮ ನಾಯಿಗೊಂದು ಲೈಸೆನ್ಸ್ ಮಾಡಿಸಿದ್ದರೆ ಅದೂ ದೊಡ್ಡಪ್ಪನದೇ ಆಗಿರುತ್ತಿತ್ತು. ಕಾಗದದ ಮೇಲೆ ತನ್ನ ಹೆಸರು ಕಂಡರೆ ಅವನ ಮುಖ ಅರಳುತ್ತಿತ್ತು. ಓದುವುದೇನೂ ಬೇಕಿರಲಿಲ್ಲ, ಕಂಡರೆ ಸಾಕು.

ತೊಂಬತ್ತರ ದಶಕದ ಕೊನೆಯಲ್ಲಿ, ನಿವೃತ್ತಿಗೆ ಎರಡು ವರ್ಷವಿದ್ದಾಗ, ಎದೆನೋವು ಎಂದು ಕೂತ ಅಪ್ಪ ಮತ್ತೆ ಏಳಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಅಣ್ಣ ಕಚೇರಿಗೆ ಹೋಗಿ ಬಂದು ಸುದ್ದಿ ಹೇಳಿದ. ಭವಿಷ್ಯನಿಧಿಯ ನಾಮಿನಿ ದೊಡ್ಡಪ್ಪ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಕೆಲಸಕ್ಕೆ ಸೇರಿದ ದಿನ ಬರೆದ ಫಾರಂ. ಆಮೇಲೆ ಅದನ್ನು ಮುಟ್ಟಿಯೇ ಇಲ್ಲ. ದೀಪದ ಬುಡದಲ್ಲೇ ಕತ್ತಲು ಎಂದರೆ ಇದೇ.

ಮುಂದಿನ ಭಾನುವಾರ ಅದೇ ಜಗಲಿಯ ಮೇಲೆ ಹಿರಿಯರು ಕೂಡಿದರು. ಹಣ ದೊಡ್ಡಪ್ಪನ ಕೈಗೆ ಬರಲಿ, ಅವನು ನಂಬಿಕೆಯಿಂದ ಇಟ್ಟುಕೊಂಡು ಎಲ್ಲರನ್ನೂ ನೋಡಿಕೊಳ್ಳಲಿ, ತನ್ನದೇನೂ ತಕರಾರಿಲ್ಲ ಎಂದು ಅವ್ವೆ ಬರೆದುಕೊಡಲಿ ಎಂದು ತೀರ್ಮಾನವಾಯಿತು. ತಲೆ ಆಡಿಸಿದವರಲ್ಲಿ ಅಪ್ಪನಿಂದ ಬೈಸಿಕೊಂಡು ಹೆಂಡತಿಯ ಹೆಸರು ಬರೆಸಿಹೋದವರು ಮೂವರಿದ್ದರು. ಅಣ್ಣನೂ ತಲೆ ಆಡಿಸಿದ. ತೋಟದಲ್ಲಿ ತನ್ನ ಪಾಲು ಇನ್ನೂ ದೊಡ್ಡಪ್ಪನ ಪಟ್ಟಾದೊಳಗೆ ಇತ್ತಲ್ಲ! ದೊಡ್ಡಪ್ಪ ಹೆಬ್ಬೆಟ್ಟಿನ ಶಾಯಿಪೆಟ್ಟಿಗೆಯನ್ನೂ ಜೊತೆಗೇ ತಂದಿದ್ದ.

ಅವ್ವೆಗೆ ಓದು ಬರಹ ಬಾರದು. ಕಾಗದವನ್ನು ನನ್ನ ಕೈಗಿತ್ತು, "ಓದು" ಎಂದಳು. ಓದಿದೆ. "ಮತ್ತೊಂದು ಸಾರಿ ಓದು" ಎಂದಳು. ಓದಿದೆ. ಆಮೇಲೆ ದೊಡ್ಡಪ್ಪನ ಕಡೆ ತಿರುಗದೆ, "ಆಫೀಸಿನವರ ಬಾಯಿಂದ ನಾನೇ ಕೇಳಿ ಬಂದ ಮೇಲೆ ಹೆಬ್ಬೆಟ್ಟು ಒತ್ತಿನೆ" ಎಂದು ಎದ್ದು ಒಳಗೆ ಹೋದಳು.

ಮರುದಿನ ಮೊದಲ ಬಸ್ಸಿಗೆ ನಾವಿಬ್ಬರೇ ಹೋದೆವು. ಅಧಿಕಾರಿ ಫಾರಂನ ಕೊನೆಯ ಕಾಲಂ ತೋರಿಸಿದರು. ಯಾವ ಸಂದರ್ಭದಲ್ಲಿ ಈ ನಾಮಿನಿಯ ಹೆಸರು ರದ್ದಾಗುತ್ತದೆ ಎಂಬ ಪ್ರಶ್ನೆಯ ಮುಂದೆ ಅಪ್ಪನ ಗುಂಡು ಅಕ್ಷರ: ಮದುವೆಯಾದ ಮೇಲೆ. ಅವರು ತಮಿಳಿನಲ್ಲಿ ಹೇಳಿದ್ದು ಇಷ್ಟು. ಅಪ್ಪನಿಗೆ ಮದುವೆಯಾದ ದಿನವೇ ದೊಡ್ಡಪ್ಪನ ಹೆಸರು ಬಿದ್ದುಹೋಯಿತು. ಬೇರೆ ನಾಮಿನಿ ಇಲ್ಲದ್ದರಿಂದ ಹಣ ಸಂಸಾರಕ್ಕೆ ಸಮಪಾಲು. ಅದರಲ್ಲಿ ಪ್ರಾಯಕ್ಕೆ ಬಂದ ಗಂಡುಮಕ್ಕಳಿಗೆ ಪಾಲಿಲ್ಲ. ಹೆಂಡತಿಗೆ ಅರ್ಧ, ಮದುವೆಯಾಗದ ಮಗಳಾದ ನನಗೆ ಅರ್ಧ. ಜಗಲಿಯ ಮೇಲೆ ತಲೆ ಆಡಿಸಿದ ಒಂದು ತಲೆಗೂ ಕಾನೂನಿನಲ್ಲಿ ಜಾಗವಿರಲಿಲ್ಲ. ನಾನು ಅಲ್ಲೇ ನಕ್ಕುಬಿಟ್ಟೆ. ಅವ್ವೆ ಅತ್ತಳು.

ಅಪ್ಪ ಯಾಕೆ ಬದಲಾಯಿಸಲಿಲ್ಲ ಎಂದು ಅವನ ಪಕ್ಕದ ಮೇಜಿನವರು ಹೇಳಿದರು. ಹೊಸ ಫಾರಂಗೆ ಇಬ್ಬರು ಸಾಕ್ಷಿ ಬೇಕು. ಅಲ್ಲಿ ಸಾಕ್ಷಿ ಹಾಕುವವರೆಲ್ಲ ನಮ್ಮ ಕಡೆಯ ಹಟ್ಟಿಯವರೇ. ದೊಡ್ಡಪ್ಪನ ಹೆಸರು ತೆಗೆದ ಸುದ್ದಿ ಅಪ್ಪನ ಬಸ್ಸಿಗಿಂತ ಮೊದಲೇ ಊರು ತಲುಪುತ್ತಿತ್ತು. ಸ್ಕೂಲಿನ ಫೀಸು ಕಟ್ಟಿ ಅಪ್ಪನನ್ನು ಓದಿಸಿದವನೂ ದೊಡ್ಡಪ್ಪನೇ. ಇದೆಲ್ಲ ನನಗೆ ಅರ್ಥವಾಗುತ್ತದೆ. ಆದರೂ ಅಪ್ಪನ ಮೇಲೆ ಅವತ್ತು ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಊರವರ ಹೆಂಡಿರಿಗೆಲ್ಲ ನೆರಳು ಮಾಡಿಕೊಟ್ಟು, ತನ್ನವಳನ್ನು ಬಿಸಿಲಲ್ಲಿ ನಿಲ್ಲಿಸಿ ಹೋದ.

ಹಣ ಬಂದಾಗ ಅವ್ವೆಗೆ ಮಂಜೂರಿನ ಬ್ಯಾಂಕಿನಲ್ಲಿ ಖಾತೆ ತೆರೆಸಿದೆವು. ಅವಳ ಹೆಸರಿನಲ್ಲಿದ್ದ ಮೊದಲ ಕಾಗದ ಆ ಪಾಸ್‌ಬುಕ್ಕು. ನಾಮಿನಿ ಯಾರು ಎಂದು ಗುಮಾಸ್ತ ಕೇಳಿದಾಗ ಅಣ್ಣ ಒಂದು ಹೆಜ್ಜೆ ಮುಂದೆ ಬಂದ. ಅವ್ವೆ ಅವನನ್ನು ನೋಡದೆ ಗುಮಾಸ್ತನನ್ನೇ ಕೇಳಿದಳು.

"ಈ ಹೆಸರು ಆಮೇಲೆ ಮಾತ್ತಿ ಬರೆಯೋಕೆ ಆಗುತ್ತಾ?"

ಬೇಕಾದಾಗ ಬದಲಾಯಿಸಬಹುದು, ಆದರೆ ಹೆಬ್ಬೆಟ್ಟಿಗೆ ಪ್ರತಿ ಸಲವೂ ಸಾಕ್ಷಿ ಬೇಕು ಎಂದ ಗುಮಾಸ್ತ.

"ಆತು. ಈಗ ಮಗಳ ಹೆಸರು ಬರೆ."

ಆಮೇಲೆ ಏಳೆಂಟು ವರ್ಷ ಅವ್ವೆ ನಮ್ಮನ್ನು ಚೆನ್ನಾಗಿಯೇ ಆಡಿಸಿದಳು. ನಾನು ಮದುವೆಯಾಗಿ ಹೋಗಿ ಎರಡು ತಿಂಗಳು ಕಾಗದ ಹಾಕದಿದ್ದಾಗ ಹೆಸರು ಅಣ್ಣನದಾಯಿತು. ಅವನು ಮಾತ್ರೆ ತರಲು ಮರೆತ ವಾರ ಮತ್ತೆ ನನ್ನದಾಯಿತು. "ನಾಳೆ ನಾ ಮಂಜೂರು ಬ್ಯಾಂಕಿಗೆ ಹೋಗಿ ಬನ್ನೆ" ಎಂದು ಅವ್ವೆ ಅಂದರೆ ಸಾಕು, ಅತ್ತಿಗೆ ಬಿಸಿನೀರು ಕಾಯಿಸಿ ಇಡುತ್ತಿದ್ದಳು. ಅಪ್ಪ ಜೀವಮಾನದಲ್ಲಿ ಒಮ್ಮೆಯೂ ಮಾಡಲಾರದೆ ಹೋದ ಕೆಲಸವನ್ನು ಅವ್ವೆ ಐದು ಸಲ ಮಾಡಿದಳು. ಐದು ಸಲವೂ ಸಾಕ್ಷಿಗೆ ದೊಡ್ಡಪ್ಪನನ್ನೇ ಕರೆದುಕೊಂಡು ಹೋದಳು. ಅವನು ಕೋಟು ಹಾಕಿಕೊಂಡು, ಮುಖ ಅರಳಿಸಿಕೊಂಡು ಹೋಗಿ ರುಜು ಹಾಕಿ ಬಂದ.